ನೀರು ತುಂಬಿದರೆ ಸಾಲದು

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿಯಿಂದ ಮುಧೋಳದ ಕಡೆಗೆ ಪ್ರಯಾಣ ಮಾಡಿದವರು ಈ ದೃಶ್ಯವನ್ನು ಕಂಡೇ ಇರುತ್ತಾರೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ದಾರಿಯ ಬದಿಗೆ ನಿಂತಿದೆ. ಅದರ ಮೂತಿಯಿಂದ ಉಗಿ ಏಳುತ್ತಿದೆ. ಚಾಲಕನು ಕೊಡ ಹಿಡಿದು ನೀರನ್ನು ಹುಡುಕುತ್ತ ಹೊರಟಿದ್ದಾನೆ. ನೀರು ಸಿಕ್ಕಿತು, ರೇಡಿಯೇಟರಿಗೆ ಸುರಿದದ್ದಾಯಿತು, ಮುಚ್ಚಳ ಬಿಗಿದದ್ದಾಯಿತು, ಗಾಡಿ ಹೊರಟಿತು. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ಗಾಡಿ ಮತ್ತೊಂದು ಮರದ ಕೆಳಗೆ ನಿಂತಿರುತ್ತದೆ. “ನೀರು ತುಂಬೀನಲ್ರಿ, ಮತ್ತೇನಾತು?” ಎಂದು ಅವನು ಕೇಳುತ್ತಾನೆ. ಆ ಪ್ರಶ್ನೆಗೆ ಭೌತಶಾಸ್ತ್ರವು ಉತ್ತರ ಕೊಡಬೇಕಾಗಿದೆ.

ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಟ್ರ್ಯಾಕ್ಟರಿಗೂ ಇದೇ ಗತಿಯಾಯಿತು. ಸಿಲಿಂಡರಿನ ಹೆಡ್ಡು ಬಾಗಿ, ಹಂಗಾಮಿನ ನಡುವೆ ಗಾಡಿ ಹಲವು ದಿನ ಗ್ಯಾರೇಜಿನಲ್ಲಿ ಕುಳಿತಿತು. ಕಡಿದ ಕಬ್ಬು ಹೊಲದಲ್ಲಿಯೇ ಒಣಗಿತು. ನೀರು ತುಂಬಿದವನು ಆ ಹುಡುಗನೇ. ಉಷ್ಣತೆಯನ್ನು ತೋರಿಸುವ ಮುಳ್ಳು ಮೇಲೇರಿರಲೇ ಇಲ್ಲವೆಂದು ಅವನು ಸಪ್ಪೆಮುಖದಿಂದ ಹೇಳಿದನು. ನೀರು ಮತ್ತು ಗಾಳಿಗಳ ವಿಶಿಷ್ಟೋಷ್ಣಗಳನ್ನು ಹೋಲಿಸಿರೆಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಅವನು ತಪ್ಪಿಲ್ಲದ ಉತ್ತರ ಬರೆದಿದ್ದನು. ಪೂರ್ಣ ಅಂಕ ಕೊಟ್ಟವನು ನಾನೇ. ಆ ನಷ್ಟದಲ್ಲಿ ನನ್ನ ಪಾಲೂ ಇದೆಯೆಂದು ನಾನು ಭಾವಿಸಿದ್ದೇನೆ.

ಎಂಜಿನ್ನಿನೊಳಗೆ ನೀರು ಹರಿಯುವ ದಾರಿಗಳು ಇಕ್ಕಟ್ಟಾದವು, ಅಂಕುಡೊಂಕಾದವು. ಖಾಲಿಯಾದ ವ್ಯವಸ್ಥೆಗೆ ಅವಸರದಿಂದ ನೀರು ಸುರಿದರೆ ಒಳಗಿನ ಗಾಳಿಗೆ ಹೊರಡಲು ಹಾದಿ ಸಿಗುವುದಿಲ್ಲ. ಹಗುರವಾದ ಗಾಳಿಯು ಮೇಲೇರಿ, ಎತ್ತರದ ಮೂಲೆಯೊಂದರಲ್ಲಿ ಸೇರಿಕೊಳ್ಳುತ್ತದೆ. ಆ ಮೂಲೆಯು ಬಹಳ ಸಲ ಹೆಡ್ಡಿನ ಒಳಗೇ ಇರುತ್ತದೆ. ಎಂಜಿನ್ನಿನಲ್ಲಿ ಅತ್ಯಂತ ಕಾಯುವ ಭಾಗವೂ ಅದೇ. ಒಂದು ಘನ ಸೆಂಟಿಮೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಶಾಖ ಬೇಕು. ಸಾಧಾರಣ ಉಷ್ಣತೆಯಲ್ಲಿ ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದು ಅದರ ಸುಮಾರು 3,500ರಲ್ಲಿ ಒಂದು ಪಾಲು ಮಾತ್ರ. ಗಾಳಿಯ ಉಷ್ಣವಾಹಕತೆಯಾದರೂ ನೀರಿನದರ 20ರಲ್ಲಿ ಒಂದು ಪಾಲನ್ನು ಮುಟ್ಟುವುದಿಲ್ಲ. ಎಂದ ಮೇಲೆ ಗಾಳಿ ಕುಳಿತ ಜಾಗದಿಂದ ಶಾಖವನ್ನು ಹೊತ್ತೊಯ್ಯುವವರು ಯಾರು? ಲೋಹವು ಕಾಯುತ್ತದೆ, ಹಿಗ್ಗುತ್ತದೆ, ಕೊನೆಗೆ ಬಾಗುತ್ತದೆ ಅಥವಾ ಬಿರಿಯುತ್ತದೆ.

ಮುಳ್ಳು ಸುಳ್ಳು ಹೇಳಿದ್ದೇಕೆ? ಅದು ಹೇಳಿದ್ದು ಸುಳ್ಳಲ್ಲ. ಸಂವೇದಕವು ತನ್ನನ್ನು ಮುಟ್ಟಿರುವ ವಸ್ತುವಿನ ಉಷ್ಣತೆಯನ್ನು ಮಾತ್ರ ಬಲ್ಲದು. ಅದರ ಸುತ್ತ ನೀರಿರದೆ ಗಾಳಿಯಿದ್ದರೆ, ಪಕ್ಕದ ಲೋಹವು ಸುಡುತ್ತಿದ್ದರೂ ಮುಳ್ಳು ಕೆಳಗೇ ಉಳಿಯಬಹುದು. ಯಾವ ಮಾಪಕವನ್ನೇ ಆಗಲಿ ನಂಬುವ ಮೊದಲು, ಅದು ಅಳೆಯುತ್ತಿರುವುದು ಏನನ್ನು ಎಂದು ಕೇಳಿಕೊಳ್ಳಬೇಕು.

ಸೋಜಿಗದ ಸಂಗತಿಯೆಂದರೆ, ಈ ತತ್ತ್ವವು ನಮ್ಮ ಭಾಗದ ರೈತರಿಗೆ ಹೊಸತೇ ಅಲ್ಲ. 1989ರಲ್ಲಿ ಕೃಷ್ಣಾತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ ಹಾಗೂ ಶ್ರಮಗಳಿಂದ ಜಮಖಂಡಿಯ ಹತ್ತಿರದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಕೃಷ್ಣಾ, ಘಟಪ್ರಭಾ ನದಿಗಳ ದಂಡೆಗಳಿಂದ ಪಂಪುಗಳು ನೀರನ್ನೆತ್ತಿ ದೂರದ ಹೊಲಗಳಿಗೆ ಒಯ್ಯುತ್ತವೆ. ಪಂಪು “ಏರ್ ಹಿಡಿದರೆ” ಬರಿದೆ ತಿರುಗುತ್ತದೆಂದು ಅಲ್ಲಿಯ ರೈತನು ಬಲ್ಲನು. ಆದುದರಿಂದಲೇ ಅವನು ಮೊದಲು ಪಂಪಿಗೆ ನೀರು ತುಂಬಿ, ಗಾಳಿಯನ್ನು ಹೊರಗೆ ಬಿಟ್ಟು, ಅನಂತರ ಗುಂಡಿ ಒತ್ತುತ್ತಾನೆ. ಪೈಪು ದಿಬ್ಬ ಹತ್ತಿ ಇಳಿಯುವಲ್ಲಿ ಏರ್‌ವಾಲ್ವ್ ಕೂರಿಸುತ್ತಾನೆ. ತಿರುಗುವ ಚಕ್ರವು ಹುಟ್ಟಿಸುವ ಒತ್ತಡವು ದ್ರವದ ಸಾಂದ್ರತೆಯನ್ನು ಅವಲಂಬಿಸಿದೆ. ಗಾಳಿಯ ಸಾಂದ್ರತೆಯು ನೀರಿನದರ ಸುಮಾರು 800ರಲ್ಲಿ ಒಂದು ಪಾಲು. ಎಂಜಿನ್ನಿನ ನೀರಿನ ಪಂಪೂ ಇದೇ ಜಾತಿಯದು. ನದಿಯ ದಂಡೆಯ ಮೇಲೆ ಬಲ್ಲ ಮಾತನ್ನು ನಾವು ಟ್ರ್ಯಾಕ್ಟರಿನ ಮುಂದೆ ಮರೆಯುತ್ತೇವೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಎಂಜಿನ್ ಪೂರ್ತಿ ಆರುವವರೆಗೆ ಮುಚ್ಚಳವನ್ನು ಮುಟ್ಟಕೂಡದು. ಒಳಗೆ ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡವಿದ್ದರೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದ ಕ್ಷಣವೇ ಅದು ಉಗಿಯಾಗಿ ಮುಖಕ್ಕೆ ಎರಗುತ್ತದೆ. ಕಾದ ಲೋಹಕ್ಕೆ ತಣ್ಣೀರು ಸುರಿಯುವುದೂ ಅಪಾಯವೇ. ಆರಿದ ಮೇಲೆ, ತುಂಬುವ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಗಾಡಿಯನ್ನು ನಿಲ್ಲಿಸಿ, ತಯಾರಕರು ಹೇಳಿದ ಕೂಲಂಟನ್ನು ನಿಧಾನವಾಗಿ ಸುರಿಯಬೇಕು. ಕಾರಿನಲ್ಲಿ ಹೀಟರಿದ್ದರೆ ಅದನ್ನು ಬಿಸಿಯ ಕಡೆಗೆ ತಿರುಗಿಸಿಡಬೇಕು. ಗಾಳಿ ಬಿಡುವ ತಿರುಪು ಇದ್ದಲ್ಲಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಅದನ್ನು ಸಡಿಲಿಸಬೇಕು. ಆಮೇಲೆ, ಕೈಪಿಡಿಯು ಬೇರೆ ಕ್ರಮ ಹೇಳಿರದಿದ್ದರೆ, ಮುಚ್ಚಳ ಹಾಕದೆಯೇ ಎಂಜಿನ್ನನ್ನು ಮೆಲ್ಲಗೆ ನಡೆಸಬೇಕು. ಥರ್ಮೋಸ್ಟಾಟ್ ತೆರೆದಾಗ ಮಟ್ಟವು ತಟ್ಟನೆ ಇಳಿಯುವುದುಂಟು. ಮುಖವನ್ನು ದೂರವಿಟ್ಟು ಮತ್ತೆ ತುಂಬಿ, ಗುಳ್ಳೆಗಳು ನಿಂತ ಮೇಲೆ ಮುಚ್ಚಬೇಕು. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟವನ್ನು ಇನ್ನೊಮ್ಮೆ ನೋಡಬೇಕು. ಗುಳ್ಳೆಗಳು ನಿಲ್ಲದೆಯೇ ಬರುತ್ತಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ ಸೋರಿ ಸಿಲಿಂಡರಿನ ಅನಿಲವೇ ನೀರಿಗೆ ಸೇರುತ್ತಿರಬಹುದು. ಅದಕ್ಕೆ ಮೆಕ್ಯಾನಿಕನೇ ಗತಿ.

ಇದು ಮೆಕ್ಯಾನಿಕನ ವಿದ್ಯೆ, ಕಾಲೇಜಿನಲ್ಲಿ ಇದಕ್ಕೇನು ಕೆಲಸ ಎಂದು ನನ್ನ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಇಂದಿನ ಅನೇಕ ವಾಹನಗಳಲ್ಲಿ ಗಾಳಿಯು ತಾನಾಗಿಯೇ ಹೊರಡುವ ಏರ್ಪಾಡಿದೆ ಎಂದೂ ಹೇಳುತ್ತಾರೆ. ಏರ್ಪಾಡಿರುವುದು ನಿಜ. ಆದರೆ ಅಂಥ ಏರ್ಪಾಡಿಲ್ಲದ ಹಳೆಯ ಗಾಡಿಗಳು ನಮ್ಮ ಹೊಲಗಳಲ್ಲಿ ಇನ್ನೂ ದುಡಿಯುತ್ತಿವೆ. ಇನ್ನು ವಿದ್ಯೆಯ ಮಾತು. ಬೀಳಗಿಯ ಹುಡುಗನೊಬ್ಬನು ವಿಶಿಷ್ಟೋಷ್ಣದ ಲೆಕ್ಕವನ್ನು ಬಿಡಿಸಿ, ಮನೆಯಂಗಳದ ಎಂಜಿನ್ನನ್ನು ಕೆಡಿಸಿಕೊಂಡರೆ, ನಾವು ಕಲಿಸಿದ್ದು ಅಂಕಕ್ಕಷ್ಟೇ ಸಂದಿತು, ಅವನಿಗೆ ಸಲ್ಲಲಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಗುವಾಗಲಿ, ಮುಧೋಳದ ರೈತರ ಮಗಳಾಗಲಿ, ಒಂದು ತತ್ತ್ವವನ್ನು ಎರಡು ಬೇರೆ ಯಂತ್ರಗಳಲ್ಲಿ ಗುರುತಿಸಿದ ದಿನವೇ ಭೌತಶಾಸ್ತ್ರವು ಅವರದಾಗುತ್ತದೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ವಿಶಿಷ್ಟೋಷ್ಣದ ಪಾಠದ ದಿನ, ಒಂದು ತಣ್ಣಗಿನ ಟ್ರ್ಯಾಕ್ಟರನ್ನು ಶಾಲೆಯ ಅಂಗಳಕ್ಕೆ ತರಿಸಿರಿ. ವಿದ್ಯಾರ್ಥಿಗಳೇ, ನೀವಾದರೋ ಅಷ್ಟು ದಿನ ಕಾಯಬೇಕಾಗಿಲ್ಲ. ಇಂದೇ ಮನೆಗೆ ಹೋಗಿ, ಪಂಪಿನ ಗಾಳಿಯನ್ನು ಬಿಡುವುದು ಏಕೆಂದು ತಂದೆಯವರನ್ನು ಕೇಳಿರಿ. ಟ್ರ್ಯಾಕ್ಟರಿನ ಗಾಳಿಯನ್ನು ಬಿಡುವುದು ಏಕೆಂದು ನೀವು ಅವರಿಗೆ ಹೇಳಿರಿ.