ತೇಲುವ ಮನೆ

ಯಜಮಾನರಿಗೆ ವರ್ಗವಾಯಿತೆಂದರೆ ಗೃಹಿಣಿಯ ಎದೆ ಧಸಕ್ಕೆನ್ನುತ್ತದೆ. ಪಾತ್ರೆಪಡಗಗಳನ್ನು ಗೋಣಿಚೀಲಕ್ಕೆ ತುಂಬಬೇಕು. ಮಕ್ಕಳನ್ನು ಹೊಸ ಶಾಲೆಗೆ ಸೇರಿಸಬೇಕು. ಹೊಸ ಊರಿನ ನೀರು ಮೈಗೆ ಒಗ್ಗಬೇಕು. ಅಂತಹುದರಲ್ಲಿ ಮನೆಯೇ ನೀರಿನ ಮೇಲೆ ತೇಲುತ್ತ, ಇಂದು ಒಂದು ಖಂಡ, ನಾಳೆ ಇನ್ನೊಂದು ಖಂಡವೆಂದು ಹೊರಟು ನಿಂತರೆ ಆಕೆಯ ಪಾಡೇನು?

ಹಾಯಿದೋಣಿಯಲ್ಲಿ ಒಬ್ಬನೇ ಭೂಪ್ರದಕ್ಷಿಣೆ ಮಾಡಿದ ಮೊದಲ ಮನುಷ್ಯನೆಂದು ಜಾಷುವಾ ಸ್ಲೋಕಮ್‌ನ ಹೆಸರನ್ನು ಅನೇಕರು ಬಲ್ಲರು. ಆದರೆ ಅವನು ಒಬ್ಬಂಟಿಯಾಗುವುದಕ್ಕೆ ಮುನ್ನ ಕಡಲ ಮೇಲೆ ಸಂಸಾರ ಹೂಡಿದ್ದನೆಂಬುದನ್ನು ಬಲ್ಲವರು ವಿರಳ.

1844ರಲ್ಲಿ ಕೆನಡದ ನೋವಾ ಸ್ಕೋಷಿಯದಲ್ಲಿ ಹುಟ್ಟಿದ ಸ್ಲೋಕಮ್, 1871ರಲ್ಲಿ ಸಿಡ್ನಿ ನಗರದಲ್ಲಿ ವರ್ಜೀನಿಯಾ ವಾಕರ್ ಎಂಬ ತರುಣಿಯ ಕೈಹಿಡಿದನು. ತವರು ಬಿಟ್ಟ ಮದುವಣಗಿತ್ತಿ ಕಾಲಿಟ್ಟದ್ದು ಗಂಡನು ನಡೆಸುತ್ತಿದ್ದ ಹಡಗಿಗೆ. ಮುಂದೆ ಹದಿಮೂರು ವರ್ಷಗಳ ಕಾಲ ಹಡಗೇ ಆಕೆಯ ಮನೆಯಾಯಿತು. ಏಳು ಮಕ್ಕಳನ್ನು ಹೆತ್ತಳು. ಎಲ್ಲವೂ ನಡುಗಡಲಿನಲ್ಲೋ ಪರದೇಶದ ಬಂದರಿನಲ್ಲೋ ಕಣ್ಣು ತೆರೆದವು. ಬದುಕುಳಿದವು ನಾಲ್ಕು. ಅವಕ್ಕೆ ಅಕ್ಷರ ಕಲಿಸಿದ ಗುರುವೂ ತಾಯಿಯೇ, ಜ್ವರ ಬಂದಾಗ ಮದ್ದು ಕೊಟ್ಟ ವೈದ್ಯೆಯೂ ತಾಯಿಯೇ. 1884ರಲ್ಲಿ, ‘ಅಕ್ವಿಡ್ನೆಕ್’ ಎಂಬ ಹಡಗು ಬ್ಯೂನಸ್ ಐರಿಸ್‌ನಲ್ಲಿದ್ದಾಗ ಆಕೆ ಕಾಯಿಲೆ ಬಿದ್ದು ಅಲ್ಲಿಯೇ ಕಣ್ಣು ಮುಚ್ಚಿದಳು. ಆಗ ಆಕೆಯ ವಯಸ್ಸು ಕೇವಲ ಮೂವತ್ತನಾಲ್ಕು.

ಎರಡು ವರ್ಷಗಳ ತರುವಾಯ ಸ್ಲೋಕಮ್ ಬಂಧುವರ್ಗದ ಹೆಟ್ಟಿ ಎಂಬುವಳನ್ನು ವರಿಸಿದನು. ಆಕೆಗೆ ಇಪ್ಪತ್ತನಾಲ್ಕು ವಯಸ್ಸು. ಮದುವೆಯಾದ ಕೆಲವೇ ದಿನಗಳಲ್ಲಿ ದಂಪತಿಗಳು ಅದೇ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟರು. ಮೊದಲು ಬಿರುಗಾಳಿ, ಬಳಿಕ ಕಾಲರಾ ಭೀತಿಯಿಂದ ಬಾಗಿಲು ಮುಚ್ಚಿದ ಬಂದರುಗಳು, ಬಳಿಕ ನಾವಿಕರಿಗೆ ಸಿಡುಬು. 1887ರ ಕೊನೆಯಲ್ಲಿ ಬ್ರೆಜಿಲಿನ ಪರಾನಗ್ವಾ ಕೊಲ್ಲಿಯ ಮರಳುದಿಬ್ಬದಲ್ಲಿ ಹಡಗು ಸಿಕ್ಕಿ ಒಡೆದೇ ಹೋಯಿತು. ಹೆಂಡತಿ, ಇಬ್ಬರು ಗಂಡುಮಕ್ಕಳು, ಅಷ್ಟಿಷ್ಟು ಸಾಮಾನು: ಉಳಿದದ್ದು ಇಷ್ಟೇ.

ಸ್ಲೋಕಮ್ ಕೈಕಟ್ಟಿ ಕೂಡಲಿಲ್ಲ. ಒಡೆದ ಹಡಗಿನ ಅವಶೇಷಗಳನ್ನೂ ಕಾಡಿನ ಮರವನ್ನೂ ಕೂಡಿಸಿ ಮೂವತ್ತೈದು ಅಡಿ ಉದ್ದದ, ಏಳೂವರೆ ಅಡಿ ಅಗಲದ ದೋಣಿಯೊಂದನ್ನು ಕಟ್ಟಿದನು. ಹಿರಿಯ ಮಗ ವಿಕ್ಟರ್ ಬಡಗಿಯಾದನು. ಹೆಟ್ಟಿ ಕುಳಿತು ಹಾಯಿಗಳನ್ನು ಹೊಲಿದಳು. 1888ರ ಮೇ 13ರಂದು ದೋಣಿ ನೀರಿಗಿಳಿಯಿತು. ಬ್ರೆಜಿಲಿನ ಗುಲಾಮರಿಗೆ ಬಿಡುಗಡೆಯಾದದ್ದೂ ಅದೇ ದಿನವೇ. ಆದುದರಿಂದ ಅದಕ್ಕೆ ‘ಲಿಬರ್ಡೇಡ್’ ಎಂದು ಹೆಸರಿಟ್ಟರು. ಪೋರ್ಚುಗೀಸ್ ಭಾಷೆಯಲ್ಲಿ ಸ್ವಾತಂತ್ರ್ಯವೆಂದು ಅದರ ಅರ್ಥ.

ಯಾನದ ಆರಂಭದಲ್ಲಿಯೇ ಬಿರುಗಾಳಿ ಬೀಸಿ ಹೆಟ್ಟಿ ಹೊಲಿದ ಹಾಯಿಗಳು ಚಿಂದಿಯಾದವು. ಉಗಿಹಡಗೊಂದು ದೋಣಿಯನ್ನು ಹಗ್ಗ ಕಟ್ಟಿ ರಿಯೋ ನಗರದವರೆಗೆ ಎಳೆದೊಯ್ದಿತು. ತಂದೆ ಚುಕ್ಕಾಣಿ ಹಿಡಿದಿದ್ದನು. ಮಗನು ಅಪಾಯ ಬಂದರೆ ಹಗ್ಗ ಕಡಿಯಲು ಕೊಡಲಿ ಹಿಡಿದು ನಿಂತಿದ್ದನು. ಹೆಟ್ಟಿ ಏಳು ವರ್ಷದ ಗಾರ್ಫೀಲ್ಡನೊಡನೆ ಒಳಗೆ ಇದ್ದಳು. ಹೊಸ ಹಾಯಿ ಕಟ್ಟಿ ಮತ್ತೆ ಹೊರಟು, ಸುಮಾರು 5,500 ಮೈಲಿ ಕ್ರಮಿಸಿ ಅಕ್ಟೋಬರಿನಲ್ಲಿ ಅಮೆರಿಕದ ತೀರ ಮುಟ್ಟಿದರು. ವರ್ಷಾಂತ್ಯಕ್ಕೆ ವಾಷಿಂಗ್‌ಟನ್ನಿನಲ್ಲಿ ಲಂಗರು ಬಿತ್ತು.

ಹೆಟ್ಟಿ ದಡಕ್ಕಿಳಿದಳು. ಇನ್ನೊಂದು ಅಂತಹ ಯಾನಕ್ಕೆ ಆಕೆ ಎಂದಿಗೂ ಹೊರಡಲಿಲ್ಲ.

ಗಂಡನ ಮನಸ್ಸು ಮಾತ್ರ ನೆಲಕ್ಕೆ ಅಂಟಲಿಲ್ಲ. ಹಾಯಿಹಡಗುಗಳ ಕಾಲ ಮುಗಿದು ಉಗಿಹಡಗುಗಳ ಕಾಲ ಬಂದಿತ್ತು. ಹಳೆಯ ಕಪ್ತಾನರನ್ನು ಕೇಳುವವರಿರಲಿಲ್ಲ. 1892ರಲ್ಲಿ ಗೆಳೆಯನೊಬ್ಬನು ಹೊಲದಲ್ಲಿ ಬಿದ್ದಿದ್ದ ‘ಸ್ಪ್ರೇ’ ಎಂಬ ಮುರುಕು ದೋಣಿಯನ್ನು ಕೊಟ್ಟನು. ಹದಿಮೂರು ತಿಂಗಳು ದುಡಿದು, 553 ಡಾಲರ್ ಚಿಲ್ಲರೆ ವೆಚ್ಚ ಮಾಡಿ ಅದನ್ನು ಹೊಸದಾಗಿಸಿದನು. 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಏಕಾಂಗಿಯಾಗಿ ಹೊರಟನು. ಹೊತ್ತು ನೋಡಲು ಒಂದು ಡಾಲರಿಗೆ ಕೊಂಡ, ಮುಖ ಒಡೆದ ತಗಡಿನ ಗಡಿಯಾರ! ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ದೋಣಿ ತಾನಾಗಿಯೇ ದಾರಿ ಹಿಡಿಯುತ್ತಿತ್ತು. ಅವನು ಅಡಿಗೆ ಮಾಡುತ್ತ, ಪುಸ್ತಕ ಓದುತ್ತ ಕುಳಿತಿರುತ್ತಿದ್ದನು. 46,000 ಮೈಲಿ ಸುತ್ತಿ 1898ರ ಜೂನ್ 27ರಂದು ನ್ಯೂಪೋರ್ಟ್ ಸೇರಿದನು. ವಿಚಿತ್ರವೆಂದರೆ, ಇವನಿಗೆ ಈಜು ಬರುತ್ತಿರಲಿಲ್ಲ.

ಯಾನದ ಕಥನ 1900ರಲ್ಲಿ ಪುಸ್ತಕವಾಗಿ ಕೀರ್ತಿ ತಂದಿತು. ಬಳಿಕ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಜಮೀನು ಕೊಂಡು ಹೆಟ್ಟಿಯೊಡನೆ ಸಂಸಾರ ಹೂಡಿದನು. ನೆಲದ ಮೇಲೆ ಕಟ್ಟಿದ ಮನೆಯಲ್ಲಿ ಅವನಿಗೆ ನಿದ್ರೆ ಹತ್ತಲಿಲ್ಲವೋ ಏನೋ, ಚಳಿಗಾಲ ಬಂದರೆ ‘ಸ್ಪ್ರೇ’ ಏರಿ ದಕ್ಷಿಣದ ದ್ವೀಪಗಳಿಗೆ ಹೋಗುತ್ತಿದ್ದನು. ಹಾಗೆ ಒಮ್ಮೆ ಹೋದವನು ಮರಳಿ ಬರಲಿಲ್ಲ. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. 1924ರಲ್ಲಿ ನ್ಯಾಯಾಲಯ ಅವನನ್ನು ಮೃತನೆಂದು ಘೋಷಿಸಿತು.

ಲೋಕವು ಸ್ಲೋಕಮ್‌ನ ಧೈರ್ಯವನ್ನು ಕೊಂಡಾಡುತ್ತದೆ, ಅದು ನ್ಯಾಯವೇ. ಆದರೆ ತೊಟ್ಟಿಲನ್ನು ಅಲೆಯ ಮೇಲೆ ತೂಗಿದ ವರ್ಜೀನಿಯಾಳಿಗೆ, ಹಾಯಿ ಹೊಲಿದು ಮನೆಮಂದಿಯನ್ನು ದಡ ಮುಟ್ಟಿಸಿದ ಹೆಟ್ಟಿಗೆ, ಧೈರ್ಯವೇನು ಕಡಿಮೆಯಿತ್ತೇ? ಒಬ್ಬಳು ಕಡಲನ್ನೇ ಮನೆಯೆಂದು ಒಪ್ಪಿ ಬಾಳಿದಳು. ಇನ್ನೊಬ್ಬಳು ಅದನ್ನು ಕಣ್ಣಾರೆ ಕಂಡು, ಸಾಕೆಂದು ದಡದಲ್ಲಿ ಉಳಿದಳು. ಸ್ವಾತಂತ್ರ್ಯವೆಂಬ ಹೆಸರಿನ ದೋಣಿಯಿಂದ ಇಳಿದು, ಸಾಕು ಎಂದು ಹೇಳುವುದೂ ಒಂದು ಸ್ವಾತಂತ್ರ್ಯವೇ.