ಕೀ ಮೊಳೆಯಲ್ಲಿದೆ, ಕಾರು ಎಲ್ಲಿದೆ?

ಕಾರು ಕಳವಾದರೆ ಮೊದಲು ಗಾಜಿನ ಚೂರು ಹುಡುಕುವುದು ಎಲ್ಲರ ರೂಢಿ. ಗಾಜು ಒಡೆದಿರಬೇಕು, ಬೀಗ ಕಿತ್ತಿರಬೇಕು, ಏನಿಲ್ಲವೆಂದರೂ ನಾಯಿಯಾದರೂ ಬೊಗಳಿರಬೇಕು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಹೊಸ ಕಾರುಗಳಲ್ಲಿ ಇದ್ಯಾವುದೂ ಬೇಕಿಲ್ಲ. ರಾತ್ರಿ ಅಂಗಳದಲ್ಲಿದ್ದ ಕಾರು ಬೆಳಿಗ್ಗೆ ಇಲ್ಲ. ಕೀ ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಲೇ ಇರುತ್ತದೆ. ಮನೆಯವರು ಠಾಣೆಗೆ ಓಡಿದರೆ “ಕೀ ಕಾರಲ್ಲೇ ಬಿಟ್ಟಿದ್ದಿರಾ?” ಅಂತ ಪ್ರಶ್ನೆ. ವಿಮಾ ಕಚೇರಿಗೆ ಹೋದರೆ “ಎರಡೂ ಕೀ ತನ್ನಿ” ಅಂತ ಅಪ್ಪಣೆ. ಕಾರು ಕಳಕೊಂಡವನೇ ತಾನು ಕಳ್ಳನಲ್ಲ ಎಂದು ರುಜುಪಡಿಸಬೇಕಾದ ಕಾಲ ಇದು.

ಕೀ ಮನೆಯೊಳಗಿದ್ದರೂ ಕಾರು ಹೊರಡುವುದು ಹೇಗೆ? ಇದರಲ್ಲಿ ಮಾಟಮಂತ್ರ ಏನೂ ಇಲ್ಲ. ಹಿಡಿ ಮುಟ್ಟಿದೊಡನೆ ಕಾರು ಸಣ್ಣ ರೇಡಿಯೋ ಸಂಕೇತ ಹೊರಡಿಸಿ “ಕೀ ಹತ್ತಿರ ಇದೆಯಾ?” ಎಂದು ಕೇಳುತ್ತದೆ. ಆ ಸಂಕೇತ ಹೋಗುವುದು ಒಂದೆರಡು ಮೀಟರ್ ಮಾತ್ರ. ಅದು ಮುಟ್ಟಿದರೆ ಕೀ ಉತ್ತರ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಮನೆಯ ಗೋಡೆಯ ಬದಿ. ಇಬ್ಬರ ಕೈಯಲ್ಲೂ ಇರುವ ಯಂತ್ರ ಕಾರಿನ ಪ್ರಶ್ನೆಯನ್ನು ಕೀಗೂ ಕೀಯ ಉತ್ತರವನ್ನು ಕಾರಿಗೂ ಸಾಗಿಸುತ್ತದೆ. ಕೀ ಪಕ್ಕದಲ್ಲೇ ಇದೆಯೆಂದು ಕಾರು ನಂಬಿಬಿಡುತ್ತದೆ. ಒಮ್ಮೆ ಎಂಜಿನ್ ಹೊತ್ತಿಕೊಂಡರೆ ಮುಗಿಯಿತು. ಕೀ ದೂರವಾಯಿತೆಂದು ಓಡುವ ಕಾರಿನ ಎಂಜಿನ್ ನಿಲ್ಲುವುದಿಲ್ಲ. ಹೆದ್ದಾರಿ ನಡುವೆ ನಿಂತರೆ ಅಪಾಯವೆಂದು ಹಾಗೆಯೇ ಮಾಡಿಟ್ಟಿದ್ದಾರೆ. ಜಗಲಿ ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಕೀ ನೇತುಹಾಕುವ ನಮ್ಮ ಕಡೆಯ ಅಭ್ಯಾಸ ಇಂತಹ ಕಳ್ಳರಿಗೆ ಬಹಳ ಅನುಕೂಲ.

ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ ಎಂಬುದೇ ಸಿಟ್ಟು ಬರಿಸುವ ವಿಷಯ. ಸ್ವಿಟ್ಜರ್‌ಲ್ಯಾಂಡಿನ ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪೆನಿಗಳ 10 ಮಾದರಿಗಳ ಮೇಲೆ ಇದೇ ತಂತ್ರ ಪ್ರಯೋಗಿಸಿ, ಅಷ್ಟೂ ಮೋಸಹೋದವು ಎಂದು 2011ರಲ್ಲೇ ಪ್ರಕಟಿಸಿದ್ದರು. ಆ ಮೇಲೂ ವರ್ಷಗಟ್ಟಲೆ ಅದೇ ಬಗೆಯ ಕೀಗಳು ಮಾರಾಟವಾದವು. ಅಷ್ಟರಲ್ಲಿ ಕಳ್ಳರು ಬೇರೆ ದಾರಿಗಳನ್ನೂ ಕಲಿತರು. ಸ್ಟೇರಿಂಗ್ ಕೆಳಗೆ ಮೆಕ್ಯಾನಿಕ್‌ಗಳಿಗಾಗಿ ಇರುವ ಒಬಿಡಿ ಪೋರ್ಟಿಗೆ ಯಂತ್ರ ಸಿಕ್ಕಿಸಿ, ಕಾರಿಗೆ ಹೊಸ ಕೀಯನ್ನೇ ಪರಿಚಯ ಮಾಡಿಸುವುದು ಒಂದು. ಹೆಡ್‌ಲೈಟಿನ ತಂತಿಯ ಮೂಲಕ ಕಾರಿನೊಳಗಿನ ಜಾಲಕ್ಕೆ ಸುಳ್ಳು ಸಂದೇಶ ತುರುಕುವುದು ಮತ್ತೊಂದು. ಲಂಡನ್‌ನಲ್ಲಿ 2022ರಲ್ಲಿ ಈ ಎರಡನೆಯ ರೀತಿಯಲ್ಲಿ ಕಾರು ಕಳಕೊಂಡವರು ಯಾರು ಗೊತ್ತೇ? ಕಾರುಗಳ ಸೈಬರ್ ಭದ್ರತೆಯನ್ನೇ ಕಸುಬಾಗಿಸಿಕೊಂಡ ಇಯಾನ್ ಟೇಬರ್! ಬಂಪರ್ ಸಡಿಲವಾದದ್ದನ್ನು ಅವರೂ ಮೊದಲು ಪೋಕರಿಗಳ ಕೆಲಸ ಅಂದುಕೊಂಡಿದ್ದರು. ಪರಿಣತರಿಗೇ ಹೀಗಾದರೆ ಸಾಲ ಮಾಡಿ ಕಾರು ಕೊಂಡ ಶಾಲಾ ಮಾಸ್ತರರ ಗತಿ ಏನು?

ವಿದೇಶದ ಕಥೆ, ನಮಗೇನು ಎನ್ನುವಂತಿಲ್ಲ. 2025ರ ಜೂನ್‌ನಲ್ಲಿ ದೆಹಲಿಯ ಸಫ್ದರ್‌ಜಂಗ್ ಎನ್‌ಕ್ಲೇವ್‌ನಲ್ಲಿ ಮನೆಯೆದುರಿನ ಕಾರಿನ ಗಾಜು ಒಡೆದವರು, ಕೀ ಇಲ್ಲದೆಯೇ ಅದರ ಎಲೆಕ್ಟ್ರಾನಿಕ್ ಕಾವಲನ್ನು ಮಣಿಸಿ ಓಡಿಸಿಕೊಂಡು ಹೋದ ಸಿಸಿಟಿವಿ ದೃಶ್ಯವನ್ನು ದೇಶವೆಲ್ಲ ಕಂಡಿತು. ಬಟನ್ ಸ್ಟಾರ್ಟ್ ಕಾರು ಈಗ ಶ್ರೀಮಂತರದ್ದು ಮಾತ್ರವಲ್ಲ. ಕುಂಬಳೆ, ಉಪ್ಪಳ, ಬದಿಯಡ್ಕದ ಓಣಿಗಳಲ್ಲೂ ಇದೆ.

ಗಡಿನಾಡಿನವರಿಗೆ ಇದರ ಮೇಲೆ ಇನ್ನೊಂದು ತಾಪತ್ರಯ. ತಲಪಾಡಿ ದಾಟದೆ ಕಾಸರಗೋಡಿನ ಕನ್ನಡ ಕುಟುಂಬಗಳ ವ್ಯವಹಾರ ನಡೆಯುವುದಿಲ್ಲ. ಆಸ್ಪತ್ರೆ, ಕಾಲೇಜು, ವಿಮಾನ ನಿಲ್ದಾಣ ಎಲ್ಲವೂ ಮಂಗಳೂರಿನಲ್ಲಿ. ಹೊಸೂರಿನವರಿಗೆ ಅತ್ತಿಬೆಲೆ, ಅಕ್ಕಲಕೋಟೆಯವರಿಗೆ ಕಲಬುರಗಿ ಇದ್ದ ಹಾಗೆ. ಕೆಎಲ್ 14 ನಂಬರಿನ ಕಾರು ಮಂಗಳೂರಿನ ಆಸ್ಪತ್ರೆಯೊಂದರ ಎದುರು ಕಾಣೆಯಾಯಿತು ಅನ್ನೋಣ. ಮಂಜೇಶ್ವರದ ಠಾಣೆ ಅಲ್ಲಿಗೆ ಹೋಗಿ ಅಂದರೆ, ಅಲ್ಲಿಯವರು ನಮ್ಮ ವ್ಯಾಪ್ತಿಯಲ್ಲ, ಪಕ್ಕದ ಠಾಣೆಗೆ ಹೋಗಿ ಅಂದರೆ ದಿನ ಕಳೆಯುತ್ತದೆ. ಹೀಗೆ ಅಲೆದಾಡಿಸಲು ಈಗ ಕಾನೂನಿನಲ್ಲಿ ಅವಕಾಶವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಕಳವು ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. ಜೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಇ-ಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ದೂರು ಕಳುಹಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದನ್ನೆಲ್ಲ ಠಾಣೆಯವರೇ ಹೇಳುತ್ತಾರೆ ಎಂದು ಕಾಯುತ್ತಾ ಕೂತರೆ ಆಗದು.

ನಿಜವಾದ ಗಂಡಾಂತರ ಇರುವುದು ಸಹಿಯಲ್ಲಿ. ಗಾಬರಿಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ ಮಾತು ಕಾಗದದಲ್ಲಿ ಮಲಯಾಳವಾಗುತ್ತದೆ. “ಕಾರಿಗೆ ಬೀಗ ಹಾಕಿತ್ತು, ಕೀ ಮನೆಯೊಳಗಿತ್ತು” ಎಂಬ ಎರಡು ಮಾತು ಅದರಲ್ಲಿ ಬಿಟ್ಟುಹೋದರೆ, ಅಥವಾ “ಕೀ ಕಾರಲ್ಲಿರಬಹುದು” ಎಂಬರ್ಥ ಬರುವಂತೆ ಬರೆದರೆ, ವಿಮಾ ಕಂಪೆನಿಗೆ ಅಷ್ಟೇ ಸಾಕು. ಮಾಲೀಕನ ಅಜಾಗ್ರತೆ ಎಂದು ಕ್ಲೇಮ್ ತಳ್ಳಿಬಿಡಲು ಅದೊಂದು ನೆಪ. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ದೂರುದಾರನಿಗೆ ಓದಿ ಹೇಳಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಓದಿ ಹೇಳುವುದೆಂದರೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದು, ಗಡಗಡ ಓದಿ “ಇಲ್ಲಿ ಸೈನ್ ಹಾಕಿ” ಅನ್ನುವುದಲ್ಲ. ಕನ್ನಡದ ನಾಮಫಲಕಕ್ಕೆ, ಕನ್ನಡದ ಅರ್ಜಿ ನಮೂನೆಗೆ ಹೋರಾಡಿದ ಸಂಘಟನೆಗಳು ಠಾಣೆಯ ಈ ಒಂದು ಕಾಗದದ ಮೇಲೂ ಕಣ್ಣಿಡುವುದು ಒಳ್ಳೆಯದು.

ಎಫ್‌ಐಆರ್ ತಡವಿಲ್ಲದೆ ಆಗಿದ್ದು ವಿಮಾ ಕಂಪೆನಿಗೆ ತಿಳಿಸುವುದು ಮಾತ್ರ ತಡವಾಗಿದ್ದರೆ, ಅದೊಂದೇ ಕಾರಣಕ್ಕೆ ಕಳವಿನ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಾಗೆಂದು ತಡ ಮಾಡಬೇಕಿಲ್ಲ, ಅದೇ ದಿನ ತಿಳಿಸಿದರೆ ಕೋರ್ಟಿನ ಮೆಟ್ಟಿಲೇ ಬೇಡ.

ಸಣ್ಣಪುಟ್ಟ ಉಪಾಯಗಳಿವೆ. ಮೊಳೆಯಿಂದ ಕೀ ತೆಗೆದು ಒಳಕೋಣೆಗೆ ಸಾಗಿಸುವುದು, ಸಂಕೇತ ತಡೆಯುವ ಚೀಲದಲ್ಲಿ ಹಾಕಿಡುವುದು. ಬಿಸ್ಕೆಟಿನ ತಗಡಿನ ಡಬ್ಬ ಸಾಕು ಅನ್ನುವವರಿದ್ದಾರೆ. ಕೆಲವು ಡಬ್ಬ ತಡೆಯುತ್ತದೆ, ಕೆಲವು ತಡೆಯುವುದಿಲ್ಲ. ಡಬ್ಬವನ್ನು ಕಾರಿನ ಪಕ್ಕ ಹಿಡಿದು ಬಾಗಿಲು ತೆರೆದು ನೋಡಿದರೆ ಗೊತ್ತಾಗುತ್ತದೆ. ಸ್ಟೇರಿಂಗಿಗೆ ಅಡ್ಡ ಹಾಕುವ ಹಳೇ ಕಬ್ಬಿಣದ ಲಾಕ್‌ಗೆ ರೇಡಿಯೋ ಸಂಕೇತ ಅರ್ಥವೇ ಆಗುವುದಿಲ್ಲ, ಹಾಗಾಗಿ ಅದನ್ನು ಮೋಸ ಮಾಡುವುದೂ ಕಷ್ಟ.

ಆದರೆ ಲಕ್ಷಗಟ್ಟಲೆ ಕೊಟ್ಟವನು ಬಿಸ್ಕೆಟ್ ಡಬ್ಬ ಹುಡುಕಬೇಕೇ? ಅಲುಗಾಡದೆ ಇದ್ದಾಗ ತಾನಾಗಿ ನಿದ್ದೆಹೋಗುವ ಕೀ ಇದೆ. ಸಂಕೇತ ಹೋಗಿಬರುವ ಸಮಯ ಅಳೆದು ಕೀ ನಿಜಕ್ಕೂ ಎಷ್ಟು ದೂರವಿದೆ ಎಂದು ಪತ್ತೆ ಮಾಡುವ ಅಲ್ಟ್ರಾ ವೈಡ್‌ಬ್ಯಾಂಡ್ ತಂತ್ರವೂ ಬಂದಿದೆ. ಇವೆಲ್ಲ ಎಲ್ಲ ಕಾರುಗಳಿಗೂ ಬರಬೇಕು, ದುಬಾರಿ ಮಾದರಿಗೆ ಮಾತ್ರ ಅಲ್ಲ. ಶೋರೂಮಿನಲ್ಲಿ ಹಾರ ಹಾಕಿ, ಸಿಹಿ ಹಂಚಿ, ಫೋಟೊ ತೆಗೆದು ಕೀ ಕೊಡುವವರು ಈ ಕೀಯ ದೌರ್ಬಲ್ಯವನ್ನೂ ಎರಡು ಮಾತಲ್ಲಿ ಹೇಳಲಿ. ಬ್ರಿಟನ್ ಸರಕಾರ 2025ರ ಫೆಬ್ರವರಿಯಲ್ಲಿ ಮಂಡಿಸಿದ ಮಸೂದೆಯಲ್ಲಿ ಇಂತಹ ಕಳವು ಯಂತ್ರ ಇಟ್ಟುಕೊಂಡರೇ ಐದು ವರ್ಷದವರೆಗೆ ಜೈಲು ಎಂದಿತ್ತು. ಇಲ್ಲಿಯೂ ಕಾರಿನ ಹಿಂದೆ ಓಡುವುದಕ್ಕಿಂತ ಯಂತ್ರ ಮಾರುವವರ ಹಿಂದೆ ಬೀಳುವುದು ಮೇಲು.

ಅಲ್ಲಿಯವರೆಗೆ ಎರಡನೇ ಕೀ ಎಲ್ಲಿದೆ ಅಂತ ಪ್ರತಿ ಮನೆಯವರು ಇಂದೇ ನೋಡಿಕೊಳ್ಳುವುದು ಒಳಿತು. ನಮ್ಮೂರ ಮನೆಗಳಲ್ಲಿ ಅದು ರಜೆ ಮುಗಿಸಿ ಗಲ್ಫ್‌ಗೆ ಮರಳಿದ ಮಗನ ಬ್ಯಾಗಿನ ಯಾವುದೋ ಜಿಪ್ಪಿನೊಳಗೆ ಇರುವುದೇ ಹೆಚ್ಚು. ಅದು ದುಬೈಯಿಂದ ಬರುವವರೆಗೆ ಕ್ಲೇಮಿನ ಫೈಲು ಮೇಜು ಬಿಟ್ಟು ಕದಲುವುದಿಲ್ಲ.