ದಿಲ್ಲಿಯ ಮುಂದೆ ಒಂದು ನ್ಯಾಯ, ಕೊಡಗಿಗೆ ಇನ್ನೊಂದು?

ಲೋಕಸಭಾ ಕ್ಷೇತ್ರಗಳನ್ನು ಜನಸಂಖ್ಯೆ ನೋಡಿ ಮರುವಿಂಗಡಣೆ ಮಾಡಿದರೆ ದಕ್ಷಿಣಕ್ಕೆ ಅನ್ಯಾಯ ಎಂದು ನಮ್ಮ ರಾಜ್ಯದ ಅನೇಕ ನಾಯಕರು ಗುಡುಗುತ್ತಿದ್ದಾರೆ. ಹೆರಿಗೆ ಕಡಿಮೆ ಮಾಡಿಕೊಂಡವರಿಗೆ ಶಿಕ್ಷೆಯೇ ಎಂಬ ಅವರ ಪ್ರಶ್ನೆ ಸರಿ. ನಾವೂ ಅದನ್ನೇ ಕೇಳುತ್ತೇವೆ. ಆದರೆ 2008ರಲ್ಲಿ ಕರ್ನಾಟಕದ ಒಳಗೇ ಇದೇ ಲೆಕ್ಕ ನಡೆದಾಗ ಈ ದನಿ ಎಲ್ಲಿತ್ತು?

1952ರಲ್ಲಿ ಹಳೆಯ ಮೈಸೂರು ರಾಜ್ಯದ ವಿಧಾನಸಭೆಗೆ 99 ಸ್ಥಾನ. ಏಕೀಕರಣವಾದ ಮೇಲೆ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224. ಅಲ್ಲಿಗೆ ನಿಂತಿತು. ಒಟ್ಟು ಸ್ಥಾನ ಹೆಚ್ಚದೆ ಗಡಿ ಮಾತ್ರ ಬದಲಾದರೆ, ಒಬ್ಬರ ಎಲೆಗೆ ಬಡಿಸುವುದನ್ನು ಇನ್ನೊಬ್ಬರ ಎಲೆಯಿಂದಲೇ ಎತ್ತಬೇಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಹಿಡಿದು ಮಾಡಿದ್ದು ಅದನ್ನೇ. ಬೆಂಗಳೂರು ನಗರ ಜಿಲ್ಲೆಯ 16 ಸ್ಥಾನ 28 ಆಯಿತು.

ಎತ್ತಿದ್ದು ಯಾರ ಎಲೆಯಿಂದ? ಸೋಮವಾರಪೇಟೆ ಹೋಯಿತು. ಹೊಸನಗರ, ಬೀರೂರು, ಬ್ರಹ್ಮಾವರ, ಕಿರುಗಾವಲು, ಸಾತನೂರು ಹೋದವು. 2004ರಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದ ಸಂತೇಮರಹಳ್ಳಿಯೂ ಹೋಯಿತು. ಒಂದು ಓಟಿನ ಬೆಲೆ ಏನೆಂದು ಇಡೀ ದೇಶಕ್ಕೆ ತೋರಿಸಿದ ಕ್ಷೇತ್ರವೇ ನಕ್ಷೆಯಲ್ಲಿ ಉಳಿಯಲಿಲ್ಲ.

ಕೊಡಗನ್ನೇ ನೋಡಿ. 1956ರವರೆಗೆ ಅದು ಸ್ವಂತ ಮುಖ್ಯಮಂತ್ರಿ, 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ರಾಜ್ಯ. ಪುಟ್ಟ ರಾಜ್ಯದ ಸಭೆಯನ್ನು ಇಂದಿನದಕ್ಕೆ ಹೋಲಿಸಬಾರದು, ಒಪ್ಪಿದೆವು. ಆದರೆ 2004ರಲ್ಲಿ 3 ಇದ್ದ ಶಾಸಕರು 2008ಕ್ಕೆ 2 ಆದರಲ್ಲ, ಅದಕ್ಕೇನು ಹೇಳುತ್ತೀರಿ? ಗುಡ್ಡ ಕುಸಿದಾಗ, ಆನೆ ತೋಟಕ್ಕೆ ನುಗ್ಗಿದಾಗ ಇಡೀ ಜಿಲ್ಲೆ ಕೂಗಬೇಕಾದದ್ದು ಇಬ್ಬರನ್ನೇ. ಬೆಂಗಳೂರಿನ ಶಾಸಕರು ಬೆಳಗಿನ ವಾಕಿಂಗ್‌ನಲ್ಲೇ ಸುತ್ತಿ ಮುಗಿಸುವಂಥ ಕ್ಷೇತ್ರಗಳಿವೆ. ಇಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಬರಲು ದಿನ ಬೇಕು.

ಬೆಂಗಳೂರಿನವರ ಓಟಿಗೂ ಬೆಲೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಹಳೆಯ ಉತ್ತರಹಳ್ಳಿ ಕ್ಷೇತ್ರದ ಮತದಾರರ ಪಟ್ಟಿ ಹನುಮನ ಬಾಲದಂತೆ ಬೆಳೆದಿತ್ತು, ಅದನ್ನು ಒಡೆಯಲೇಬೇಕಿತ್ತು. ಆ ಪಟ್ಟಿಯಲ್ಲಿ ನಮ್ಮ ಹಳ್ಳಿಗಳಿಂದ ದುಡಿಯಲು ಹೋದ ಮಕ್ಕಳೂ ಇದ್ದರು. ಅದೇ ಮರುವಿಂಗಡಣೆಯಲ್ಲಿ ಪರಿಶಿಷ್ಟ ಪಂಗಡದ ಮೀಸಲು ಸ್ಥಾನ 2ರಿಂದ 15ಕ್ಕೆ ಏರಿತು. ಅದು ಬಹಳ ತಡವಾಗಿ ಸಿಕ್ಕ ನ್ಯಾಯ, ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ತಲೆ ಎಣಿಕೆಯೊಂದನ್ನೇ ದೇವರು ಮಾಡಿಕೊಂಡದ್ದರ ಬಗ್ಗೆ. 2002ರ ಮರುವಿಂಗಡಣಾ ಕಾಯ್ದೆಯೇ ನೆಲದ ಸ್ವರೂಪ, ಸಂಪರ್ಕ, ಜನರ ಅನುಕೂಲ ನೋಡಿ ಎನ್ನುತ್ತದೆ. 2022ರಲ್ಲಿ ಜಮ್ಮು-ಕಾಶ್ಮೀರದ ಕ್ಷೇತ್ರಗಳನ್ನು ವಿಂಗಡಿಸಿದಾಗ ಗುಡ್ಡಗಾಡು ಜಿಲ್ಲೆ ಬೇರೆ, ಬಯಲು ಜಿಲ್ಲೆ ಬೇರೆ ಎಂದು ಗುರುತಿಸಿ, ಸರಾಸರಿ ಜನಸಂಖ್ಯೆಗಿಂತ ಶೇ 10ರಷ್ಟು ಹೆಚ್ಚುಕಡಿಮೆ ಮಾಡಲು ಅವಕಾಶ ಕೊಟ್ಟರು. ಅಲ್ಲಿ ಆಗುವುದು ಮಲೆನಾಡಿಗೆ ಯಾಕಾಗದು?

ದಿಲ್ಲಿಯ ಮುಂದೆ 'ಜನಸಂಖ್ಯೆಯೊಂದೇ ಅಳತೆಯಲ್ಲ' ಎನ್ನುವವರು ಅದೇ ಮಾತನ್ನು ಬೆಂಗಳೂರಿನಲ್ಲಿ ನಿಂತು ಹೇಳಲಿ. ಮುಂದಿನ ಮರುವಿಂಗಡಣೆಗೆ ಮುಂಚೆಯೇ ಹೇಳಲಿ.

ಆಯೋಗ ಬಂದಾಗ ನಮ್ಮ ಶಾಸಕರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನೆ ಕೂರಬೇಡಿ. ಹಿಂದಿನ ಆಯೋಗದಲ್ಲಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಅವರಿಗೆ ಮಾತಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಒಂದು ಗಡುವು, ಬಹಿರಂಗ ಸಭೆ, ಅಷ್ಟೇ. ಅಂತಿಮ ಆದೇಶ ಬಂದಮೇಲೆ ಕೋರ್ಟಿನ ಬಾಗಿಲು ಬಹುಪಾಲು ಮುಚ್ಚಿದಂತೆ. ಅದಕ್ಕೇ ಗ್ರಾಮಸಭೆಯಲ್ಲಿ ಈಗಲೇ ಠರಾವು ಮಾಡಿಡಿ: ನಮ್ಮ ಊರು ಯಾವ ಹೋಬಳಿಯ ಜೊತೆ ಇರಬೇಕು, ಯಾವ ನದಿ, ಯಾವ ಘಾಟಿ ದಾಟಿ ಶಾಸಕರ ಬಳಿ ಹೋಗಬೇಕಾಗುತ್ತದೆ, ಬಸ್ಸು ದಿನಕ್ಕೆ ಎಷ್ಟು ಸಲ ಬರುತ್ತದೆ. ಆಯೋಗದ ಸಭೆ ಜಿಲ್ಲಾ ಕೇಂದ್ರದಲ್ಲಿ ನಡೆದರೂ ಆ ಕಾಗದ ಹಿಡಿದು ನಾಲ್ಕು ಜನ ಹೋಗಿ.